ಹಿಮ್ಮಡಿ ಊರದವಳ ಬಾಗಿನ

ಗೌರಿ ಹಬ್ಬದ ಹಿಂದಿನ ಸಂಜೆ ಮಡಿಕೇರಿಯಲ್ಲಿ ಕರೆಂಟು ಹೋಯಿತು. ಸುಬ್ಬಣ್ಣ ಮೇಷ್ಟ್ರ ಮನೆಯ ನಡುಮನೆಯಲ್ಲಿ ಹೆಣ್ಣುಮಕ್ಕಳು ದೀಪ ಹಚ್ಚಿಟ್ಟುಕೊಂಡು ಬಾಗಿನದ ಮೊರಗಳಿಗೆ ಅರಿಶಿನ ಬಳಿಯುತ್ತ ಕುಳಿತಿದ್ದರು. ಹೆಂಚಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಹೊಸದಾಗಿ ಬಂದ ಮೊಮ್ಮಗನ ಹೆಂಡತಿ ಶಾಂಭವಿ, ಕಿಟಕಿಯ ಗಾಳಿ ಮೇಷ್ಟ್ರ ಹೆಂಡತಿ ಪದ್ಮಾಕ್ಷಮ್ಮನವರಿಗೆ ತಾಗದಂತೆ ತಾನೇ ಆ ಕಡೆಗೆ ಸರಿದು ಕುಳಿತಳು. ಯಾರೂ ಹೇಳಿರಲಿಲ್ಲ. ಪದ್ಮಾಕ್ಷಮ್ಮ ಅದನ್ನು ಕಂಡರು. ಇವಳ ಕೈಯೇ ಸರಿ ಎಂದು ಅವರಿಗೆ ಅನ್ನಿಸಿತು.

ಅವರಿಗೊಂದು ಕೈ ಬೇಕಾಗಿತ್ತು. ಹೋದ ವರ್ಷ ಹಬ್ಬ ಮುಗಿದ ಮೇಲೆ ಮೇಷ್ಟ್ರು ತೀರಿಕೊಂಡಿದ್ದರು. ಮೊಮ್ಮಗನ ಮದುವೆಗೆಂದು ವರ್ಷಾಂತಿಕವನ್ನು ಬೇಗ ಮುಗಿಸಿದ್ದರಿಂದ ಹಬ್ಬವೇನೋ ನಿಂತಿರಲಿಲ್ಲ. ಆದರೆ ಬಾಗಿನ ಕೊಡುವುದು ಮುತ್ತೈದೆಯ ಕೆಲಸ, ಇನ್ನು ಅವರು ಮೊರ ಹಿಡಿಯುವಂತಿಲ್ಲ. ನಾಳೆ ಹಾಸನದಿಂದ ತೌರಿಗೆ ಬರುವ ಮಗಳಿಗೆ ಸೊಸೆ ಕೊಡುತ್ತಾಳೆ, ಅದರ ಚಿಂತೆಯಿರಲಿಲ್ಲ. ಚಿಂತೆ ಇನ್ನೊಬ್ಬಳದು. ಆ ಮಾತೆತ್ತಿದಾಗ ಸೊಸೆ ಹೆದರಿ ಎದ್ದುಹೋಗಿದ್ದಳು. ಕೊಡದಿದ್ದರೆ ನಾಳೆ ಮಗಳು ಹೊಸ್ತಿಲು ದಾಟುವುದಿಲ್ಲ ಎಂದು ಪದ್ಮಾಕ್ಷಮ್ಮನವರಿಗೆ ಮಾತ್ರ ಗೊತ್ತಿತ್ತು.

ಕತ್ತಲಾಯಿತಲ್ಲ, ಒಂದು ದೆವ್ವದ ಕತೆ ಹೇಳಿ ಎಂದು ಹುಡುಗಿಯರು ದುಂಬಾಲು ಬಿದ್ದರು. ಅವರು ಶಾಲು ಹೊದ್ದುಕೊಂಡು ಶುರುಮಾಡಿದರು.

“ಕೇಳಿ ಹಾಗಾದ್ರೆ… ಕೊಡಗು ಆಗಿನ್ನೂ ಮೈಸೂರಿಗೆ ಸೇರಿರಲಿಲ್ಲ, ನಮ್ಮದೇ ಒಂದು ಪುಟ್ಟ ರಾಜ್ಯ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತು. ಪಕ್ಕದ ಮನೇಲಿ ತಿಮ್ಮಪ್ಪಯ್ಯನವರು ಅಂತ ಇದ್ರು, ಹಿಂದೆ ಹುದಿಕೇರಿ ಕಡೆ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದೋರು. ಅವರ ಮಗಳು ಕಾತ್ಯಾಯನಿ. ತಾಯಿಯಿಲ್ಲದ ಮಗು ಅಂತ ಎಸ್ಟೇಟಿನ ದೊರೆಸಾನಿ ಅವಳನ್ನ ಬಂಗಲೆಗೆ ಕರೆಸ್ಕೊಂಡು, ಗ್ರಾಮಫೋನ್ ಹಾಕಿ, ಅವರ ದೇಶದ ಬ್ಯಾಲೆ ಕಲಿಸಿದ್ರಂತೆ. ನಮ್ಮ ಕುಣಿತದ ಹಾಗೆ ನೆಲಕ್ಕೆ ಪಾದ ತಟ್ಟೋದಲ್ಲ ಅದು… ಕಾಲ್ಬೆರಳ ತುದೀಲಿ ನಿಲ್ಲೋದು, ನೆಲದ ಹಂಗೇ ಬೇಡ ಅನ್ನೋ ಹಾಗೆ. ದೊರೆಸಾನಿ ಊರು ಬಿಡೋವಾಗ ಹುಡುಗೀನ ಬೊಂಬಾಯಿಗೆ ಕರ್ಕೊಂಡು ಹೋಗಿ ಒಂದು ಬ್ಯಾಲೆ ಕಂಪನಿಗೆ ಸೇರಿಸಿದ್ರು. ಊರೂರು ತಿರುಗಿ ಕುಣಿದ್ಲು. ಬೆರಳೆಲ್ಲ ಮುರುಟಿ, ಉಗುರು ಕಪ್ಪಾಗಿ ಹೋಗಿತ್ತು. ಕಂಪನಿ ಮುಚ್ಚಿದ ಮೇಲೆ ಮದ್ರಾಸು, ಸಿನಿಮಾ. ಅಲ್ಲಿ ಹೆಸರೂ ಬದಲಾಯ್ಸಿದ್ರು. ಮುಖ ಚೆನ್ನಾಗಿತ್ತು ನೋಡಿ, ಕಾಲು ಯಾರಿಗೆ ಬೇಕು? ಅಳು ಅಂದ್ರು, ಅತ್ತಳು. ನಗು ಅಂದ್ರು, ನಕ್ಕಳು. ಪೋಸ್ಟರ್ ಮೇಲೂ ಬಂದಳು. ನಿನ್ನ ಆ ಕುಣಿತ ಒಂದ್ಸಲ ತೋರಿಸು ಅಂತ ಮಾತ್ರ ಯಾರೂ ಕೇಳಲಿಲ್ಲವಂತೆ. ಇಲ್ಲಿ ಅಪ್ಪ ಅವಳ ಹೆಸರೆತ್ತಿದರೆ ಊಟ ಬಿಟ್ಟು ಏಳ್ತಿದ್ರು.

“ಹಾಗಿದ್ದವಳು ಒಂದ್ಸಲ ಸಿನಿಮಾದವರ ಜೊತೆ ಶೂಟಿಂಗಿಗೆ ಮಡಿಕೇರಿಗೇ ಬಂದ್ಲು. ಗೌರಿ ಹಬ್ಬ. ಎಷ್ಟು ದೊಡ್ಡ ನಟಿಯಾದ್ರೇನು, ಗೌರಿ ದಿವಸ ಹೆಣ್ಣಿಗೆ ತೌರು ನೆನಪಾಗದೆ ಇರುತ್ತಾ? ಹೋಗಿ ಅಪ್ಪನ ಬಾಗಿಲು ತಟ್ಟಿದ್ಲು. ತೆಗೀಲಿಲ್ಲ. ಒಳಗೆ ದೀಪ ಇತ್ತು, ಅದನ್ನೂ ಆರಿಸಿದ್ರು… ಮಳೇಲಿ ನೆನೀತಾ ನಿಂತೇ ಇದ್ಲು. ನಮ್ಮತ್ತೆ ಸುಲೋಚನಮ್ಮ ನೋಡೋವಷ್ಟು ನೋಡಿ, ಹೋಗಿ ಕೈ ಹಿಡಿದು ಒಳಗೆ ಕರ್ಕೊಂಡು ಬಂದ್ರು. ತಲೆ ಒರೆಸಿದ್ರು, ಬೆಲ್ಲದ ಕಾಫಿ ಕೊಟ್ರು. ಮದುವೆ ಆಗಿದೆಯಾ, ಕೊರಳಲ್ಲಿ ಏನಿದೆ ಅಂತ ಒಂದು ಮಾತು ಕೇಳಲಿಲ್ಲ. ತಮ್ಮ ಮಗಳಿಗೆ ಅಂತ ಇಟ್ಟಿದ್ದ ಮೊರಾನೇ ತಂದು, ಸೆರಗು ಮುಚ್ಚಿ ಕೊಟ್ಟು, ‘ಇವತ್ತಿಂದ ಇದೇ ನಿನ್ನ ತೌರು ಮಗಾ. ವರ್ಷಾ ವರ್ಷಾ ಬಂದು ತಗೊಂಡು ಹೋಗು’ ಅಂದ್ರು. ಅವಳು ಕೇಳಿದ್ದು ಒಂದೇ. ‘ಬಾಗಿಲು ಹಾಕಲ್ಲ ಅಲ್ವಾ, ಅಮ್ಮ?’

“ಬಾಗಿನ ಕೊಟ್ಟು ತೌರು ಅಂದ್ಮೇಲೆ ಅದು ಹೆಣ್ಣಿನ ಹಕ್ಕು. ಆ ಹಕ್ಕು ಯಾವಾಗ ತೀರುತ್ತೆ? ನಮ್ಮತ್ತೆ ಅದನ್ನ ಯೋಚಿಸಲಿಲ್ಲ… ಆ ಚಳಿಗಾಲದಲ್ಲೇ ಮದ್ರಾಸಲ್ಲಿ ಜ್ವರ ಬಂದು ಕಾತ್ಯಾಯನಿ ಹೋಗಿಬಿಟ್ಲು. ಮುಂದಿನ ಗೌರಿಗೆ, ಸತ್ತವಳಿಗೆ ಎಂಥ ಬಾಗಿನ ಅಂತ ಅತ್ತೆ ಒಂದಿಷ್ಟು ಅತ್ತು, ಮಗಳಿಗೆ ಮಾತ್ರ ಮೊರ ಜೋಡಿಸಿದ್ರು. ದೀಪ ಹಚ್ಚೋ ಹೊತ್ತಿಗೆ ನಮ್ಮ ನಾದಿನಿ ಮೈಸೂರಿಂದ ಬಂದು ಜಗಲಿ ಹತ್ತಿ ‘ಅಮ್ಮಾ’ ಅಂದ್ಲು. ನಾನೇ ಹೋಗಿ ಅಗುಳಿ ತೆಗೆದೆ. ಎಳೆದ್ರೂ ಬಾಗಿಲು ಬರಲಿಲ್ಲ. ನಮ್ಮ ಯಜಮಾನರು ಎಳೆದ್ರು, ಮಾವ ಎಳೆದ್ರು, ಮಳೆಗೆ ಮರ ಉಬ್ಬಿದೆ ಅಂದ್ರು. ಆಗ ಆಚೆಯಿಂದ ನಾದಿನಿ ಮೆಲ್ಲಗೆ ಅಂದ್ಲು, ‘ಅತ್ತಿಗೆ… ನನ್ನ ಪಕ್ಕ ಯಾರೋ ನಿಂತಿದ್ದಾರೆ. ಕಾಣಲ್ಲ. ನೀರು ತೊಟ್ಟಿಕ್ತಾ ಇದೆ.’ ಕಿಟಕೀಲಿ ಬಗ್ಗಿ ನೋಡಿದೆ. ಜಗಲಿ ಕಲ್ಲಿನ ಮೇಲೆ ಒದ್ದೆ ಹೆಜ್ಜೆ… ಬರೀ ಬೆರಳು. ಹಿಮ್ಮಡಿ ಇಲ್ಲ.”

“ದೆವ್ವದ ಪಾದ ಹಿಂದುಮುಂದಾಗಿ ಇರುತ್ತಲ್ವಾ ಅಜ್ಜಿ?” ಎಂದಳೊಬ್ಬಳು.

“ಅದು ನಿಮ್ಮ ಟೀವಿ ದೆವ್ವಕ್ಕೆ ಕಣೇ. ಇವಳು ದೊರೆಸಾನಿ ಹತ್ರ ಪಾಠ ಹೇಳಿಸ್ಕೊಂಡವಳು.”

ಹುಡುಗಿಯರು ನಕ್ಕರು. ಶಾಂಭವಿ ನಗಲಿಲ್ಲ.

“ನಾನು ಬಂದು ಹೇಳಿದ್ದೇ ತಡ, ಅತ್ತೆಗೆ ತಿಳೀತು. ಇನ್ನೊಂದು ಮೊರ ತುಂಬಿಸ್ಕೊಂಡು, ಹಿತ್ತಿಲ ಬಾಗಿಲಿಂದ ಮಳೇಲೇ ಸುತ್ತಿ ಜಗಲಿಗೆ ಹೋದ್ರು. ಅಲ್ಲಿ ಏನಾಯ್ತು ಅಂತ ನಾದಿನಿ ಸಾಯೋವರೆಗೂ ಬಾಯಿ ಬಿಡಲಿಲ್ಲ. ಬಾಗಿಲು ತಾನಾಗೇ ತೆಗೀತು. ಅತ್ತೆ ಬರಿಗೈಲಿ ಒಳಗೆ ಬಂದು, ತೌರಿನ ಬಾಗಿಲು ಒಬ್ಬಳಿಗೆ ಹಾಕಿದ್ರೆ ಎಲ್ಲಾರಿಗೂ ಹಾಕಿದ ಹಾಗೇ ಅಂತ ಅಂದ್ರು, ಅಷ್ಟೇ. ಅವರಿರೋವರೆಗೆ ಅವರು ಕೊಟ್ರು. ಆಮೇಲೆ… ನಾನು.”

ಈ ವರ್ಷ ಯಾರು ಎಂದು ಯಾರೂ ಕೇಳಲಿಲ್ಲ, ಪದ್ಮಾಕ್ಷಮ್ಮನವರೂ ಹೇಳಲಿಲ್ಲ. ಬೇಡುವ ಮಾತಲ್ಲ ಅದು, ಬಲವಂತದ್ದೂ ಅಲ್ಲ. ಶಾಂಭವಿ ಮೂಲೆಗೆ ಕೈ ಚಾಚಿ ಖಾಲಿ ಮೊರವೊಂದನ್ನು ಎಳೆದುಕೊಂಡು, ತೊಡೆಯ ಮೇಲಿಟ್ಟು, ಅರಿಶಿನ ಬಳಿಯತೊಡಗಿದಳು. ಪದ್ಮಾಕ್ಷಮ್ಮನವರ ಎದೆಯ ಭಾರ ಇಳಿಯಿತು. ಅವರು ಅವಳನ್ನು ಹತ್ತಿರಕ್ಕೆ ಕರೆದು ದನಿ ತಗ್ಗಿಸಿದರು.

“ಮೊರದ ಮೇಲೆ ಸೆರಗು ಮುಚ್ಚಿ ಮುಂದಕ್ಕೆ ಹಿಡಿ ಮಗಾ. ಮೊದಲು ಏನೂ ಇರಲ್ಲ… ಆಮೇಲೆ ಆ ಕಡೆಯಿಂದ ಭಾರ ಹಗುರಾಗುತ್ತೆ. ಸೆರಗಿನಡೀಲಿ ಅವಳ ಬೆರಳು ನಿನ್ನ ಬೆರಳಿಗೆ ತಾಗುತ್ತೆ. ತುಂಬಾ ತಣ್ಣಗಿರುತ್ತೆ, ಬೆಚ್ಚಿ ಕೈ ಎಳ್ಕೋಬೇಡ, ನೊಂದ್ಕೊಳ್ತಾಳೆ. ಕೆಟ್ಟವಳಲ್ಲ… ಹೋದ ವರ್ಷ ಮೊರ ತಗೊಂಡ ಮೇಲೂ ನನ್ನ ಕೈನ ಬಹಳ ಹೊತ್ತು ಹಿಡ್ಕೊಂಡೇ ಇದ್ಲು. ನಮ್ಮ ಯಜಮಾನರು ಒಳಗೆ ಗಟ್ಟಿಮುಟ್ಟಾಗಿ ಕೂತು ರೇಡಿಯೋ ಕೇಳ್ತಾ ಇದ್ರು. ಯಾಕೆ ಬಿಡ್ತಾ ಇಲ್ಲ ಇವಳು ಅಂತ ನನಗೆ ಆಗ ಗೊತ್ತಾಗಲಿಲ್ಲ.”