ದರ್ಜಿ ಅಕ್ಕನ ಬಾವಿ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಆ ಮೊಬೈಲು ಬೋರಲು ಹಾಕಿ. ಇದು ಕಟ್ಟುಕತೆ ಅಲ್ಲ, ನನ್ನ ತಂಗಿ ಮಗನಿಗೇ ಆದದ್ದು.

ಅವನಿಗೆ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ರಾತ್ರಿಯಾದರೆ ಕಂಪ್ಯೂಟರಿನೊಳಗಿನ ಒಂದು ಊರಿಗೆ ಹೋಗುತ್ತಿದ್ದ. ಹೋಗುವುದೆಂದರೆ, ಕೂತಲ್ಲೇ ಕೂತು ತೆರೆಯ ಮೇಲೆ ತನ್ನಂಥದೇ ಒಂದು ಗೊಂಬೆಯನ್ನು ನಡೆಸುವುದು. ಆ ಊರು ಯಾರಪ್ಪನ ಸ್ವತ್ತೂ ಅಲ್ಲ. ಹತ್ತಾರು ಜನ ಬಿಡುವಿನಲ್ಲಿ ಸೇರಿ ಕಟ್ಟಿದ್ದು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಪುಕ್ಕಟೆ ತಗೊಂಡು ತಿದ್ದಬಹುದು. ಕಟ್ಟುಪಾಡು ಒಂದೇ: ಮೊದಲು ಮಾಡಿದವರ ಹೆಸರು ಅಳಿಸಬಾರದು.

ಇವನು ಅಳಿಸಿದ.

ಅವನಿಗೆ ಅಲ್ಲಿನ ಕೆಲಸವೆಲ್ಲ ಕಲಿಸಿದವಳು ಒಬ್ಬ ದರ್ಜಿ ಅಕ್ಕ. ಹಗಲೆಲ್ಲ ಮಿಷನ್ನು ತುಳಿದು, ರಾತ್ರಿ ಊರಂಚಿನಲ್ಲಿ ಒಂದೊಂದೇ ಕಲ್ಲು ಕೂರಿಸಿ ಬಾವಿ ಕಟ್ಟಿದ್ದಳು. "ಪೂರ್ತಿ ಆಗ್ಲಿ ತಮ್ಮಾ, ಆಮೇಲೆ ಎಲ್ರಿಗೂ ತೋರ್ಸೋಣ" ಅಂದಿದ್ದಳು. ನೋಡಿದ್ದವನು ತಾನೊಬ್ಬನೇ ಎಂದು ಇವನ ಲೆಕ್ಕ.

ಆ ಊರಿನ ನಡುವೆ ಒಂದು ಆಲದ ಮರ. ವರ್ಷದ ಕೊನೆಯ ದಿನ ಎಲ್ಲರೂ ಮುಂದಿನ ವರ್ಷದ ಆಸೆ ಬರೆದು ಅದರ ಕೊಂಬೆಗೆ ಚೀಟಿ ಕಟ್ಟುವುದು ರೂಢಿ. ಆಸೆ ಕೈಗೂಡಿದ ಮೇಲೆ ಬರೆದವರೇ ಬಿಚ್ಚಬೇಕು. ಬೇರೆಯವರ ಕೈಗೆ ಬಿಚ್ಚಿಕೊಳ್ಳುವುದಿಲ್ಲ. ದರ್ಜಿ ಅಕ್ಕ ಕಟ್ಟಿದ್ದ ಚೀಟಿಯಲ್ಲಿ ಇದ್ದದ್ದು: "ರಾಟೆಗೆ ಸದ್ದು ಬರಲಿ." ಬಾವಿಗೆ ಸದ್ದು ಹಾಕುವ ಮೊದಲೇ ಜ್ವರ ಬಂದು ತೀರಿಕೊಂಡಳು.

ಊರು ನೋಡಿಕೊಳ್ಳುವ ಡ್ರಾಯಿಂಗ್ ಮೇಷ್ಟ್ರು ಆ ವರ್ಷ ಹೇಳಿದರು, ಚೆಂದ ಕಟ್ಟಿದವರನ್ನು ಎಲ್ಲರ ಮುಂದೆ ಕರೆದು ಹೊಗಳೋಣ ಅಂತ. ನಮ್ಮವನ ಬುದ್ಧಿಗೆ ಮಂಕು ಕವಿಯಿತು. ಆ ಬಾವಿಯನ್ನು ತಂದು ಆಲದ ಕೆಳಗಿಟ್ಟ, ನಾಲ್ಕು ಗೆರೆ ಪಾಚಿ ಬಳಿದ, ಅವಳ ಹೆಸರು ತೆಗೆದು ತನ್ನದು ಹಾಕಿದ. ಸತ್ತವಳು ಬಂದು ಕೇಳುತ್ತಾಳೆಯೇ?

ಹೊಗಳಿಕೆಯ ಹಿಂದಿನ ರಾತ್ರಿ. ಊರಲ್ಲಿ ಎಷ್ಟು ಜನ ಇದ್ದಾರೆಂದು ತೆರೆಯ ಮೂಲೆಯಲ್ಲಿ ತೋರಿಸುತ್ತದೆ. 'ಒಂದು' ಅಂತಿತ್ತು. ಇವನೊಬ್ಬನೇ. ಗೊಂಬೆಯನ್ನು ಆಲದ ಪಕ್ಕದಿಂದ ಮನೆ ಕಡೆ ನಡೆಸಿದ.

ಕಿರ್ರ್... ಕಿರ್ರ್...

ನಿಂತ. ಸದ್ದೂ ನಿಂತಿತು. ಹೆಜ್ಜೆ ಇಟ್ಟ. ಕಿರ್ರ್... ಆಮೇಲೆ ಬಿಂದಿಗೆ ನೀರಿಗೆ ಬಿದ್ದ ಹಾಗೆ... ದುಡುಂ.

ಕಿವಿಯ ವೈರು ಕಿತ್ತು ಹಾಕಿದ. ಸದ್ದು ಹಾಗೇ ಇತ್ತು... ಕೋಣೆಯೊಳಗೆ.

ಬಾವಿಕಟ್ಟೆಯ ಬಳಿ ಒಬ್ಬಳು ಬೆನ್ನು ಮಾಡಿ ನಿಂತಿದ್ದಳು. ಹೆಗಲ ಮೇಲೆ ಅಳತೆ ಟೇಪು. ಮೂಲೆಯ ಅಂಕಿ ಇನ್ನೂ ಒಂದೇ.

"ಅಕ್ಕಾ..."

"ಬಂದ್ಯಾ ತಮ್ಮಾ."

"ಬೈದ್ಬಿಡಕ್ಕಾ."

"ಬೈಯೋಕೆ ಬಂದಿಲ್ಲ ಕಣೋ. ಪಾಚಿ ಚೆನ್ನಾಗ್ ಬಳ್ದಿದೀಯ. ಹೊಲಿಗೆ ಮಾತ್ರ ಕಾಣ್ತಿದೆ." ಬಾವಿಕಟ್ಟೆಯತ್ತ ಬಗ್ಗಿ, "ಹೆಸ್ರು ಓದೋಕೆ ಕಣ್ಣು ಹಿಡೀತಿಲ್ಲ. ನೀನೇ ಹೇಳು... ಬಾವಿ ಯಾರ್ದು?"

ಅವನು ಕಟ್ಟೆಯ ಮೇಲಿನ ತನ್ನ ಹೆಸರನ್ನೇ ನೋಡುತ್ತ ಕೂತ. ಅವಳು ಕಾದಳು. ಆಮೇಲೆ ಅಲ್ಲಿ ಯಾರೂ ಇರಲಿಲ್ಲ.

ಗುಟ್ಟಾಗಿ ಹೆಸರು ಬದಲಿಸಿ ಸುಮ್ಮನಿರೋಣ ಎಂದುಕೊಂಡ. ಆದರೆ ಮೇಷ್ಟ್ರು ಆಗಲೇ ಊರಿಗೆಲ್ಲ ಸಾರಿದ್ದರು. ದರ್ಜಿ ಅಕ್ಕನ ಮಗಳನ್ನೂ ಕರೆಸಿದ್ದರು, "ನಿಮ್ಮಮ್ಮನ ಶಿಷ್ಯ ಏನು ಕಟ್ಟಿದಾನೆ ನೋಡಮ್ಮಾ" ಅಂತ.

ಮಾರನೆಯ ದಿನ ಎಲ್ಲ ಗೊಂಬೆಗಳೂ ಆಲದ ಕೆಳಗೆ ಸೇರಿದವು. ಇವನು ತನ್ನ ಗೊಂಬೆಯನ್ನು ಮುಂದಕ್ಕೆ ತಂದ. "ಬಾವಿ ನಂದಲ್ಲ. ದರ್ಜಿ ಅಕ್ಕಂದು. ನಾನು ಕದ್ದೆ."

ಆ ಮಗಳೇ ಮೆಲ್ಲಗೆ ಅಂದಳು, "ಗೊತ್ತಿತ್ತು ಅಣ್ಣಾ. ಅಮ್ಮ ಕಲ್ಲು ಕೂರ್ಸುವಾಗ ಪಕ್ಕದಲ್ಲೇ ಮಲ್ಗಿರ್ತಿದ್ದೆ. ನೀವೇ ಹೇಳ್ತೀರೇನೋ ಅಂತ ಕಾದೆ."

ಆ ಮಾತಿಗೆ ಅವನ ಮುಖ ನೆಲ ನೋಡಿದ್ದು, ಇವತ್ತಿಗೂ ಪೂರ್ತಿ ಎದ್ದಿಲ್ಲ.

ಆ ಹುಡುಗಿ ಈಗ ಅಮ್ಮನ ಮಿಷನ್ನು ತುಳಿಯುತ್ತಾಳೆ, ಊರಂಚಿನ ಬೀದಿ ಅವಳೇ ನೋಡಿಕೊಳ್ಳುತ್ತಾಳೆ. ಮೇಷ್ಟ್ರಿಗೆ ಕಣ್ಣು ಮಂಜಾಗಿದೆ, ನಮ್ಮವನೇ ಗಾಜು ಉಜ್ಜಿ ಕೊಟ್ಟ. ಅವನು ಅಲ್ಲಿ ಬೇರೆಯವರ ಮುರಿದ ಬಾಗಿಲು, ಮೆಟ್ಟಿಲು ರಿಪೇರಿ ಮಾಡುತ್ತಾನೆ, ಹೆಸರು ಹಾಕುವುದಿಲ್ಲ. ಬಾವಿಯ ಮೇಲೆ ದರ್ಜಿ ಅಕ್ಕನ ಹೆಸರಿದೆ. ರಾಟೆ ಕಿರ್ರ್ ಅನ್ನುತ್ತದೆ. ಮೇಷ್ಟ್ರು ಕಲ್ಲುಕಲ್ಲಾಗಿ ಬಿಚ್ಚಿ ನೋಡಿದರು, ಒಳಗೆ ಯಾರೂ ಸದ್ದು ಹಾಕಿಲ್ಲ.

ನಂಬದಿದ್ದರೆ ಬಿಡಿ. ನನ್ನನ್ನೂ ಕೂರಿಸಿ ತೋರಿಸಿದ್ದಾನೆ, ಕೊಂಬೆಕೊಂಬೆ ಹುಡುಕಿದ್ದೇನೆ. ಕೈಗೂಡದ ಆಸೆಯ ಚೀಟಿಯೆಲ್ಲ ಹಾಗೇ ಇದೆ... ಅವಳದು ಇಲ್ಲ.