ತೊಳೆಯದೆ ತಂದ ಕಾರು

ಗ್ಯಾರೇಜಿನ ಬೆಂಚಿನ ಮೇಲೆ ಸ್ಕೂಟರಿಗಾಗಿ ಕಾದು ಕೂತಿದ್ದ ಟೈಲರನ ಪಕ್ಕದಲ್ಲೇ ಅಕ್ಕ ತಮ್ಮಂದಿರ ಮಾತು ನಡೆದಿತ್ತು. ಅಕ್ಕನಿಗೆ ಎಪ್ಪತ್ತರ ಹತ್ತಿರ. ಅವಳ ಪುಟ್ಟ ಕಾರಿನ ಕೀಲಿ ತಮ್ಮನ ಮುಷ್ಟಿಯಲ್ಲಿತ್ತು.

"ಮೂರು ಸಲ ತೋರಿಸಿದ್ದಾಯ್ತಕ್ಕ. ಕಿರುಗುಟ್ಟೋದು ಕಾರಲ್ಲ, ನಿನ್ನ ಕಿವಿ. ಇವತ್ತೂ ಏನೂ ಸಿಗದಿದ್ರೆ ನೀನು ಕಾರು ಓಡಿಸೋದು ನಿಲ್ಲಿಸಬೇಕು, ಕೀಲಿ ನನ್ನ ಹತ್ರಾನೇ ಇರುತ್ತೆ."

"ಮೂರು ಸಲವೂ ಮೆಕ್ಯಾನಿಕ್ ಮೊದಲು ಏನು ಮಾಡಿದ, ಹೇಳು."

"ಏನು ಮಾಡ್ತಾನೆ? ಪಾಪ, ಕಾರು ತೊಳೆದ."

"ಅದೇ ಮತ್ತೆ. ಚಕ್ರದ ಹಿಂದಿರೋ ರಬ್ಬರು ನೀರು ಕುಡಿದ್ರೆ ಬಾಯಿ ಬಿಡುತ್ತೇನೋ? ಮನೆಗೆ ಹೋಗಿ ಒಣಗಿದ ಮೇಲೆ ಅದರ ರಾಗ ಶುರು."

"ಅದಕ್ಕೇ ಇವತ್ತು ಈ ಧೂಳಿನ ಅವತಾರದಲ್ಲಿ ತಂದ್ಯಾ? ನೋಡಿದವರು ಏನಂದ್ಕೋತಾರೆ?"

"ಅಂದ್ಕೊಳ್ಳಲಿ. ನಲವತ್ತು ವರ್ಷ ಸೂಲಗಿತ್ತಿ ಕೆಲಸ ಮಾಡಿದವಳು ನಾನು. ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಕೇಳಲಿ ಅಂತ ದೇವರು ಕೊಟ್ಟ ಕಿವಿ ಇದು."

"ಅದು ಆಗಿನ ಕಾಲ."

"ಹಾಗಾದ್ರೆ ನಿನ್ನ ಕಿವೀನೇ ಇಟ್ಟು ಕೇಳು. ಬಾ, ಎಡಗಡೆ ಮುಂದಿನ ಚಕ್ರದ ಮೇಲೆ ಬಾನೆಟ್ ಅದುಮು."

ತಮ್ಮ ಹೋಗಿ ಎರಡೂ ಅಂಗೈ ಊರಿ ಅದುಮಿದ. ಕಾರು ಕಿರ್ರೆಂದಿತು. ಹೊಲಿಗೆ ಯಂತ್ರದ ಗದ್ದಲದಲ್ಲೇ ತಲೆ ಹಣ್ಣಾದ ಟೈಲರನಿಗೂ ಬೆಂಚಿನ ತನಕ ಕೇಳಿಸಿತು. ಅಕ್ಕ ಬಗ್ಗಿ, ಚಕ್ರದ ಹಿಂದಿದ್ದ ರಬ್ಬರಿಗೆ ಬಾಟಲಿಯ ನೀರು ಹನಿಸಿದಳು.

"ಈಗ ಅದುಮು."

ಸದ್ದೇ ಇಲ್ಲ. ತಮ್ಮ ಇನ್ನೊಮ್ಮೆ ಅದುಮಿದ, ಮತ್ತೂ ಒಮ್ಮೆ. ಅಕ್ಕ ಅಂಗೈ ಚಾಚಿದಳು. ಕೀಲಿ ಅದರೊಳಗೆ ಬಿತ್ತು.

"ಮೆಕ್ಯಾನಿಕ್‌ಗೆ ನೀನೇ ಹೇಳು ನಡಿ, ರಬ್ಬರು ಬದಲಾಯಿಸೋಕೆ. ಆಮೇಲೆ ಪಕ್ಕದ ಸೀಟಲ್ಲಿ ಕೂತ್ಕೋ, ನಿನ್ನ ಮನೆಗೆ ನಾನೇ ಬಿಡ್ತೀನಿ."

ತಮ್ಮ ಮುಂದೆ, ಅಕ್ಕ ಹಿಂದೆ, ಇಬ್ಬರೂ ಒಳಗೆ ನಡೆದರು.