ಮೆಟ್ಟಿಲು ಒರೆಸುವವಳಿಗೆ ಕೊಟ್ಟ ಉಂಗುರದ ಬಗ್ಗೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು 76 ವರ್ಷ, ಕಸುಬು ಮೊದಲು ಬಟ್ಟೆ ಹೊಲಿಗೆ, ಈಗ ಏನೂ ಇಲ್ಲ, ವಾಸ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಮಗನ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವ ಹೆಂಗಸನ್ನು ಆರು ವರ್ಷದಿಂದ ಬಲ್ಲೆ. ಅವಳ ಬಟ್ಟೆ ಹರಿದರೆ ನಾನು ಹೊಲಿದು ಕೊಡುತ್ತಿದ್ದೆ, ಅವಳು ನನಗೆ ಅಂಗಡಿಯಿಂದ ಸೂಜಿ ದಾರ ತಂದು ಕೊಡುತ್ತಿದ್ದಳು. ನಮ್ಮ ಕೊಡುಕೊಳ್ಳುವಿಕೆ ಇಷ್ಟೇ ಇತ್ತು.

ಕಳೆದ ತಿಂಗಳು ಒಂದು ದಿನ, ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ, ಬೆಳಿಗ್ಗೆ ಸುಮಾರು 10 ಗಂಟೆಗೆ ಲಿಫ್ಟಿನ ಮುಂದೆ ನಿಂತಿದ್ದಾಗ ನನಗೆ ಅರಿವಿಲ್ಲದೆ ಉಚ್ಚೆ ಹೋಯಿತು. ಮೂತ್ರ ವಿಸರ್ಜನೆ ಎಂದು ಬರೆಯೋಣವೇ ಎಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಠಾಣೆಯ ಬರಹಗಾರರು ಕೇಳಿದರು. ಹೇಗೆ ಬರೆದರೂ ನೆಲ ಒದ್ದೆಯೇ. ಅಷ್ಟರಲ್ಲಿ ಪಕ್ಕದ ಮನೆಯ ಚಿಲಕ ಸದ್ದಾಯಿತು. ಅಲ್ಲೇ ಮೆಟ್ಟಿಲು ಒರೆಸುತ್ತಿದ್ದ ಆ ಹೆಂಗಸು ಕೂಡಲೇ ತನ್ನ ಬಕೆಟ್ಟನ್ನು ನನ್ನ ಕಾಲ ಮೇಲೆ ಉರುಳಿಸಿ, ಕೈ ಜಾರಿತು, ತಪ್ಪಾಯಿತು ಎಂದಳು. ಪಕ್ಕದ ಮನೆಯಾಕೆ ಹೊರಗೆ ಬಂದು, ಕಣ್ಣು ಕಾಣುವುದಿಲ್ಲವೇ ಎಂದು ಅವಳ ನೀರಿಳಿಸಿದರು. ಅವಳು ತಲೆ ತಗ್ಗಿಸಿ ಬೈಸಿಕೊಂಡಳು.

ಆಮೇಲೆ ಹಾಸಿಗೆಯೂ ಒದ್ದೆಯಾಗತೊಡಗಿತು. ಅವಳೇ ಒಗೆದು, ತಾರಸಿಯಲ್ಲಿ ಒಣಗಿಸಿ, ಸೊಸೆ ಬರುವ ಮೊದಲು ಹಾಸಿ ಹೋಗುತ್ತಿದ್ದಳು. ಹಾಸಿಗೆ ಒದ್ದೆಯಾಗುವ ಕಾಲ ಬಂದರೆ ವೃದ್ಧಾಶ್ರಮವೇ ಗತಿ ಎಂದು ಮಗ ಮೊದಲೇ ಹೇಳಿಬಿಟ್ಟಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು, ನಾನು ಅವನನ್ನು ಕೆಟ್ಟವನೆನ್ನಲಾರೆ. ಆದರೆ ನನಗೆ ಭಯವಿತ್ತು, ಈಗಲೂ ಇದೆ.

ಮೊನ್ನೆ ಸೋಮವಾರ ಮಧ್ಯಾಹ್ನ ನನ್ನ ಚಿನ್ನದ ಉಂಗುರವನ್ನು ಸೋಪು ಹಚ್ಚಿ ಕಳಚಿ ಅವಳ ಕೈಯಲ್ಲಿಟ್ಟೆ. ಅವಳು ಬೇಡವೆಂದಳು. ನಾನು ಗದರಿಸಿ ಕೊಟ್ಟೆ. ಕಾರಣ ಮಾತ್ರ ಯಾರಿಗೂ ಹೇಳಕೂಡದು ಎಂದೆ.

ಇಂದು ಬೆಳಿಗ್ಗೆ ನಾನಿನ್ನೂ ಮಲಗಿದ್ದಾಗ ಮಗ ನನ್ನ ಬರಿಬೆರಳು ನೋಡಿ, ನನ್ನನ್ನು ಒಂದು ಮಾತೂ ಕೇಳದೆ, ಅಮ್ಮನಿಗೆ ಮರೆವು ಎಂದು ಬೇರೆ ಸೇರಿಸಿ ಅವಳ ಮೇಲೆ ಕಳ್ಳತನದ ದೂರು ಕೊಟ್ಟಿದ್ದಾನೆ. ಅವಳ ಚೀಲದಲ್ಲಿ ಉಂಗುರ ಸಿಕ್ಕಿತೆಂದೂ, ಅವಳನ್ನು ಜೀಪಿನಲ್ಲಿ ಒಯ್ದರೆಂದೂ 11:30ಕ್ಕೆ ಗೇಟಿನ ಕಾವಲುಗಾರ ಬಂದು ತಿಳಿಸಿದ. ಅವನೇ ಕೈ ಹಿಡಿದು ಅರ್ಧ ಕಿಲೋಮೀಟರ್ ನಡೆಸಿಕೊಂಡು ನನ್ನನ್ನು ಇಲ್ಲಿಗೆ ಕರೆತಂದ.

ನಾನು ಬಂದಾಗ ಅವಳ ಎಡಗೆನ್ನೆ ಊದಿತ್ತು. ಇದನ್ನೂ ಬರೆಯಬೇಕೆಂದು ನಾನು ಹಟ ಹಿಡಿದೆ. ಉಂಗುರ ಅಜ್ಜಿ ಕೊಟ್ಟರು ಎಂದಷ್ಟೇ ಅವಳು ಪೊಲೀಸರಿಗೆ ಹೇಳಿದಳಂತೆ. ಯಾಕೆ ಕೊಟ್ಟರು ಎಂದು ಎಷ್ಟು ಕೇಳಿದರೂ ಬಾಯಿ ಬಿಟ್ಟಿಲ್ಲ. ನನ್ನನ್ನು ಕಂಡು ಅವಳು ಮೆಲ್ಲಗೆ ಹೇಳಿದ್ದು:

“ನೀವ್ಯಾಕಮ್ಮ ಬಂದ್ರಿ? ನಾನೇನೂ ಹೇಳಿಲ್ಲ.”

ಮರೆವಿನ ಮುದುಕಿಯ ಮಾತು ನಂಬುವುದು ಹೇಗೆ ಎಂದು ಸಾಹೇಬರು ಕೇಳಿದರು. ಅದಕ್ಕೇ ಕಾರಣ ಸಮೇತ ಎಲ್ಲವನ್ನೂ ಹೇಳಿದ್ದೇನೆ. ಅವಳನ್ನು ಬಿಟ್ಟು ಕಳಿಸಿ, ಉಂಗುರವನ್ನು ಅವಳ ಕೈಗೇ ಕೊಡಬೇಕು.

ಮೇಲಿನದು ನಾನು ಕಂಡದ್ದು, ನಾನೇ ಮಾಡಿದ್ದು, ಯಾರೂ ಹೇಳಿಕೊಟ್ಟದ್ದಲ್ಲ. ಗಟ್ಟಿಯಾಗಿ ಓದಿಸಿ ಕೇಳಿ, ಸರಿ ಇದೆ ಎಂದು ಒಪ್ಪಿದ್ದೇನೆ. ಓದುವಾಗ ಮಗ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡ. ಸಾಕ್ಷಿಗೆ ಕರೆದರೆ ಖಂಡಿತ ಬರುತ್ತೇನೆ. ಆಗ ನಾನು ಎಲ್ಲಿರುತ್ತೇನೆ ಎಂಬುದನ್ನು ಅವನನ್ನೇ ಕೇಳಿ ತಿಳಿದುಕೊಳ್ಳಬೇಕು.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14ನೇ ತಾರೀಖು, ಬುಧವಾರ, ಮಧ್ಯಾಹ್ನ 2:15
ಸಹಿ: (ಹೇಳಿಕೆ ಕೊಟ್ಟವರ ಸ್ವಂತ ಕೈಬರಹ)